ಕಾನೂನು ನಿಲ್ಲಿಸದ ಬೇಟೆಯನ್ನು ಜಮೀನಿನ ಒಡೆಯರು ನಿಲ್ಲಿಸಿದರು: ನ್ಯಾಷನಲ್ ಟ್ರಸ್ಟ್ ಪ್ರಕರಣ

2017ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ, ಹಳೆಯ ಮನೆಗಳನ್ನೂ ಕಾಡು-ಬೆಟ್ಟಗಳನ್ನೂ ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಾರ್ಷಿಕ ಮಹಾಸಭೆ ನಡೆಯಿತು. ಸದಸ್ಯರೇ ತಂದ ಒಂದು ಗೊತ್ತುವಳಿ ಅಂದು ಮತಕ್ಕೆ ಬಂತು. ಟ್ರಸ್ಟಿನ ಜಮೀನಿನಲ್ಲಿ ‘ಟ್ರೇಲ್ ಹಂಟಿಂಗ್’ಗೆ, ಅಂದರೆ ನರಿಯ ವಾಸನೆಯ ಕೃತಕ ಜಾಡಿನ ಹಿಂದೆ ಬೇಟೆನಾಯಿಗಳನ್ನು ಓಡಿಸುವುದಕ್ಕೆ, ಪರವಾನಗಿ ಕೊಡುವುದನ್ನು ನಿಲ್ಲಿಸಬೇಕು ಎಂಬುದು ಅದರ ಸಾರ. ಪರವಾಗಿ 30,686 ಮತ, ವಿರುದ್ಧ 30,985. ಬರೀ 299 ಮತಗಳಿಂದ ಗೊತ್ತುವಳಿ ಬಿದ್ದುಹೋಯಿತು. ನಾಲ್ಕು ವರ್ಷ ಕಳೆದು, 2021ರ ಅಕ್ಟೋಬರ್‌ನಲ್ಲಿ, ಅದೇ ಸಂಸ್ಥೆಯ ಸದಸ್ಯರ ಮುಂದೆ ಅದೇ ಬೇಡಿಕೆ ಮತ್ತೆ ಬಂತು. ಈ ಸಲ ಪರವಾಗಿ 76,816, ವಿರುದ್ಧ 38,184. ತಿಂಗಳು ತುಂಬುವ ಮೊದಲೇ ಟ್ರಸ್ಟಿನ ಆಡಳಿತ ಮಂಡಳಿ ಇನ್ನು ಮುಂದೆ ಪರವಾನಗಿ ಇಲ್ಲವೆಂದು ಪ್ರಕಟಿಸಿತು.

ಈ ನಾಲ್ಕು ವರ್ಷಗಳಲ್ಲಿ ಇಂಗ್ಲೆಂಡಿನ ಬೇಟೆ ಕಾಯ್ದೆಯ ಒಂದಕ್ಷರವೂ ಬದಲಾಗಿರಲಿಲ್ಲ. ನರಿಗೆ ಆಗುವ ಹಿಂಸೆ ಎಂಥದ್ದೆಂದು ಹೊಸದಾಗಿ ಯಾರೂ ಕಂಡುಹಿಡಿಯಬೇಕಾಗಿಯೂ ಇರಲಿಲ್ಲ. ಹೋರಾಟಗಾರರು ಜನರ ಮುಂದಿಟ್ಟ ಪ್ರಶ್ನೆ ಬೇರೆಯಾಗಿತ್ತು. ಬೇಟೆ ತಂಡಗಳು ತಪ್ಪು ಮಾಡುತ್ತಿವೆಯೆಂದು ನ್ಯಾಯಾಲಯದಲ್ಲಿ ಸಾಬೀತು ಮಾಡಬಹುದೇ ಎಂಬ ಪ್ರಶ್ನೆಯಲ್ಲೇ ವರ್ಷಗಟ್ಟಲೆ ಸಿಕ್ಕಿಕೊಂಡಿದ್ದ ಚರ್ಚೆ, ಇವರನ್ನು ನಂಬಿ ನಮ್ಮ ಜಮೀನಿನ ಗೇಟು ತೆಗೆಯಬೇಕೇ ಎಂಬಲ್ಲಿಗೆ ಬಂತು. ವನ್ಯಜೀವಿಗಳ ಪರವಾಗಿ ನಿಲ್ಲುವ ಯಾವುದೇ ಚಳವಳಿಯನ್ನು ಬೆಂಬಲಿಸುವವರು ಈ ಪ್ರಕರಣವನ್ನು ಕೂಲಂಕಷವಾಗಿ ನೋಡಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೇ.

ಕಾಯ್ದೆ ಬಂತು, ಬೇಟೆ ಹೆಸರು ಬದಲಿಸಿತು

ಕುದುರೆಯೇರಿ, ನಾಯಿಗಳ ಹಿಂಡು ಬಿಟ್ಟು, ನರಿಯನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುವುದು ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಶತಮಾನಗಳ ರೂಢಿ. ಅದನ್ನು ವಿರೋಧಿಸುವ ಸಂಘಟನೆಯೂ ಹೊಸದಲ್ಲ. ‘ಲೀಗ್ ಅಗೇನ್ಸ್ಟ್ ಕ್ರುಯೆಲ್ ಸ್ಪೋರ್ಟ್ಸ್’ ಹುಟ್ಟಿದ್ದು 1924ರಲ್ಲಿ. ಅಲ್ಲಿಂದ ಕಾಯ್ದೆ ಬರಲು ಎಂಬತ್ತು ವರ್ಷ ಹಿಡಿಯಿತು. 2002ರಲ್ಲಿ ಬೇಟೆಯ ಪರವಾಗಿ ಲಂಡನ್ನಿನಲ್ಲಿ ಸುಮಾರು ನಾಲ್ಕು ಲಕ್ಷ ಜನ ಮೆರವಣಿಗೆ ಮಾಡಿದ್ದರು ಎಂದರೆ ಎದುರಿಗಿದ್ದ ಬಲ ಎಷ್ಟೆಂದು ತಿಳಿಯುತ್ತದೆ. ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ಒಪ್ಪದೇ ಇದ್ದಾಗ, ಪಾರ್ಲಿಮೆಂಟ್ ಆ್ಯಕ್ಟ್ ಎಂಬ ಅಪರೂಪದ ಅಧಿಕಾರ ಬಳಸಿ 2004ರ ನವೆಂಬರ್‌ನಲ್ಲಿ ಹಂಟಿಂಗ್ ಆ್ಯಕ್ಟ್ ಅನ್ನು ದಾಟಿಸಬೇಕಾಯಿತು. 2005ರ ಫೆಬ್ರುವರಿ 18ರಂದು ಅದು ಜಾರಿಗೆ ಬಂತು. ಸ್ಕಾಟ್ಲೆಂಡ್ ತನ್ನದೇ ಕಾಯ್ದೆಯನ್ನು 2002ರಲ್ಲೇ ಮಾಡಿಕೊಂಡಿತ್ತು.

ಕಾಯ್ದೆ ಬಂದರೆ ಬೇಟೆ ತಂಡಗಳು ಮುಚ್ಚಿಹೋಗುತ್ತವೆ ಎಂದು ಹಲವರು ಎಣಿಸಿದ್ದರು. ಹಾಗಾಗಲಿಲ್ಲ. ಅದೇ ನಾಯಿಗಳು, ಅದೇ ಕುದುರೆಗಳು, ಅದೇ ಕೆಂಪು ಕೋಟು, ನವೆಂಬರ್‌ನಿಂದ ಮಾರ್ಚ್‌ವರೆಗಿನ ಅದೇ ಹಂಗಾಮು. ಹೆಸರು ಮಾತ್ರ ಟ್ರೇಲ್ ಹಂಟಿಂಗ್ ಆಯಿತು. ಒಬ್ಬ ವ್ಯಕ್ತಿ ಮುಂದಾಗಿ ಹೋಗಿ, ನರಿಯ ಮೂತ್ರದಂಥ ವಾಸನೆ ಹಚ್ಚಿದ ಬಟ್ಟೆಯನ್ನು ನೆಲದ ಮೇಲೆ ಎಳೆದು ಜಾಡು ಮಾಡುತ್ತಾನೆ, ನಾಯಿಗಳು ಆ ಜಾಡನ್ನು ಹಿಡಿದು ಓಡುತ್ತವೆ, ಯಾವ ಪ್ರಾಣಿಗೂ ತೊಂದರೆಯಿಲ್ಲ ಎಂಬುದು ವಿವರಣೆ.

ಕೇಳಲು ಚೆನ್ನಾಗಿದೆ. ಆದರೆ ಸುಳ್ಳು ಜಾಡಿನ ಹಿಂದೆ ನಾಯಿಗಳನ್ನು ಓಡಿಸುವ ಒಂದು ಆಟ ಆ ದೇಶದಲ್ಲಿ ಮೊದಲಿನಿಂದಲೂ ಇತ್ತು. ಅದು ಡ್ರ್ಯಾಗ್ ಹಂಟಿಂಗ್. ಅದರಲ್ಲಿ ಸೋಂಪಿನಂಥ, ಪ್ರಾಣಿಗೆ ಸಂಬಂಧವೇ ಇಲ್ಲದ ವಾಸನೆ ಬಳಸುತ್ತಾರೆ. ಜಾಡು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಮೊದಲೇ ಗೊತ್ತಿರುತ್ತದೆ. ನರಿಗಳಿರುವ ಪೊದೆಗಳಿಂದ ದೂರ ಇರುತ್ತಾರೆ. ಟ್ರೇಲ್ ಹಂಟಿಂಗ್‌ನಲ್ಲಿ ಈ ಮೂರೂ ತಲೆಕೆಳಗು. ವಾಸನೆ ನರಿಯದ್ದೇ, ಜಾಡು ಎಲ್ಲಿದೆಯೆಂದು ನಾಯಿ ನಡೆಸುವವನಿಗೇ ಗೊತ್ತಿರಬಾರದು, ಓಡಿಸುವುದು ನಿಜವಾದ ನರಿಗಳು ಇರುವ ಜಾಗದಲ್ಲೇ. ಮೂವತ್ತು ನಲವತ್ತು ನಾಯಿಗಳಿಗೆ ನರಿಯ ವಾಸನೆ ಹಿಡಿಯುವುದನ್ನೇ ಕಲಿಸಿ, ನರಿ ಮಲಗಿರುವ ಪೊದೆಗೇ ಬಿಟ್ಟ ಮೇಲೆ ‘ಆಕಸ್ಮಿಕ’ ಎಂಬ ಮಾತಿಗೆ ಏನು ಅರ್ಥ ಉಳಿಯುತ್ತದೆ?

ಕಾನೂನಿನ ಲೆಕ್ಕದಲ್ಲಿ ಮಾತ್ರ ಆ ಪದಕ್ಕೆ ಭಾರೀ ತೂಕವಿತ್ತು. ಹಂಟಿಂಗ್ ಆ್ಯಕ್ಟ್ ಪ್ರಕಾರ ಬೇಟೆಯಾಡಿದವನಿಗೆ ಆ ಉದ್ದೇಶವಿತ್ತೆಂದು ತೋರಿಸಬೇಕು. ಪ್ರಾಣಿಯನ್ನು ಹುಡುಕುತ್ತಾ ತಿರುಗುವುದಷ್ಟೇ ಬೇಟೆ ಆಗುವುದಿಲ್ಲ, ಕಾಯ್ದೆಯಲ್ಲಿರುವ ವಿನಾಯಿತಿ ಅನ್ವಯಿಸುವುದಿಲ್ಲವೆಂದು ತೋರಿಸುವ ಹೊಣೆಯೂ ಪ್ರಾಸಿಕ್ಯೂಷನ್ನಿನದೇ ಎಂದು 2009ರಲ್ಲಿ ಹೈಕೋರ್ಟ್ ಹೇಳಿತು. ಮೊಕದ್ದಮೆ ಹೂಡಲು ಆರು ತಿಂಗಳ ಗಡುವು. ಅಪರಾಧ ಸಾಬೀತಾದರೂ ಶಿಕ್ಷೆ ದಂಡ ಮಾತ್ರ, ಜೈಲಿಲ್ಲ. ಹಾಗಾಗಿ ನಾಯಿಗಳು ನರಿಯನ್ನು ಸಿಗಿದು ಹಾಕಿದ ವಿಡಿಯೊ ಇದ್ದರೂ, “ನಾವು ಜಾಡು ಹಾಕಿದ್ದೆವು, ನಾಯಿಗಳು ದಾರಿ ತಪ್ಪಿದವು” ಎಂದುಬಿಟ್ಟರೆ ಬಹಳ ಪ್ರಕರಣಗಳು ಅಲ್ಲಿಗೇ ನಿಲ್ಲುತ್ತಿದ್ದವು.

ಓಡುವ ಪ್ರಾಣಿಯ ಮೈಯಲ್ಲಿ ಏನಾಗುತ್ತದೆ

ನರಿ ಚುರುಕಾದ ಪ್ರಾಣಿ, ಆದರೆ ಅದರ ಓಟ ಚಿಕ್ಕದು. ಬೇಟೆನಾಯಿಗಳನ್ನು ತಲೆತಲಾಂತರದಿಂದ ಆರಿಸಿ ಬೆಳೆಸಿರುವುದು ವೇಗಕ್ಕಿಂತ ಹೆಚ್ಚಾಗಿ ದಮ್ಮಿಗೆ. ಅಂದರೆ ಓಟ ಲಂಬಿಸಿದಷ್ಟೂ ನರಿಗೆ ಸೋಲು. ಪ್ರಾಣ ಉಳಿಸಿಕೊಳ್ಳಲು ಅದಕ್ಕಿರುವ ದಾರಿ ಬಿಲ. ಆ ದಾರಿಯನ್ನೂ ಬೇಟೆಯ ದಿನಕ್ಕೆ ಮೊದಲೇ ಮಣ್ಣು, ಕಟ್ಟಿಗೆ ತುರುಕಿ ಮುಚ್ಚುವ ಪದ್ಧತಿಯಿತ್ತು. ಬ್ಯಾಜರ್ ಎಂಬ, ನೆಲದಡಿ ಬಿಲ ತೋಡಿ ವಾಸಿಸುವ ಪ್ರಾಣಿಗಳ ಬಿಲಗಳಲ್ಲಿ ನರಿ ಅಡಗುತ್ತದೆಂದು ಅವನ್ನೂ ಮುಚ್ಚುತ್ತಿದ್ದರು. ಹಾಗೆ ಮುಚ್ಚಲು ಬೇಟೆ ತಂಡಗಳಿಗೆ ಇದ್ದ ವಿನಾಯಿತಿಯನ್ನು ಹಂಟಿಂಗ್ ಆ್ಯಕ್ಟ್ ತೆಗೆದುಹಾಕಿತು. ಆದರೂ ನರಿ ಒಂದು ಬಿಲ ಹೊಕ್ಕಿತು ಎನ್ನಿ, ಆಗ ಟೆರಿಯರ್ ಜಾತಿಯ ಚಿಕ್ಕ ನಾಯಿಯನ್ನು ಒಳಗೆ ನುಗ್ಗಿಸುತ್ತಾರೆ. ಕತ್ತಲ ಸುರಂಗದಲ್ಲಿ ಎರಡು ಪ್ರಾಣಿಗಳು ಮುಖಾಮುಖಿ ಕಚ್ಚಾಡುತ್ತಿರುವಾಗ ಮೇಲಿನಿಂದ ಗುದ್ದಲಿ, ಸಲಿಕೆಯಿಂದ ಅಗೆಯುತ್ತಾರೆ. ಈ ಕೆಲಸಕ್ಕೇ ಇರುವವರನ್ನು ‘ಟೆರಿಯರ್‌ಮೆನ್’ ಎನ್ನುತ್ತಾರೆ. ಬಟ್ಟೆಯ ಜಾಡಿನ ಹಿಂದೆ ಓಡುವ ಆಟಕ್ಕೆ ಸಲಿಕೆ ಹಿಡಿದವರು, ಪೆಟ್ಟಿಗೆಯಲ್ಲಿ ಟೆರಿಯರ್ ಇಟ್ಟುಕೊಂಡವರು ಏಕೆ ಬೇಕು? ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಉತ್ತರವೇ ಸಿಗದ ಪ್ರಶ್ನೆ ಇದು.

ಸರ್ಕಾರವೇ ನೇಮಿಸಿದ ಬರ್ನ್ಸ್ ಸಮಿತಿ 2000ರಲ್ಲಿ ವರದಿ ಕೊಟ್ಟಾಗ, ನಾಯಿಗಳಿಂದ ಅಟ್ಟಿಸಿಕೊಂಡು ಸಾಯುವುದು ನರಿಯ ಕ್ಷೇಮಕ್ಕೆ ಗಂಭೀರ ಧಕ್ಕೆ ತರುತ್ತದೆ ಎಂದು ಹೇಳಿತ್ತು. ಸಮಿತಿ ಬಹಳ ಅಳೆದು ತೂಗಿ ಮಾತಾಡಿತ್ತು, ಯಾರ ಪರವೂ ವಾಲಿರಲಿಲ್ಲ. ಅದಕ್ಕೇ ಆ ಮಾತಿಗೆ ಬೆಲೆ.

ಅದಕ್ಕೂ ಹಿಂದಿನದೊಂದು ಅಧ್ಯಯನ ನ್ಯಾಷನಲ್ ಟ್ರಸ್ಟಿಗೆ ನೇರವಾಗಿ ಸಂಬಂಧಪಟ್ಟದ್ದು. ತನ್ನ ಜಮೀನಿನಲ್ಲಿ ನಡೆಯುತ್ತಿದ್ದ ಕೆಂಪು ಜಿಂಕೆಯ ಬೇಟೆಯ ಬಗ್ಗೆ ಸದಸ್ಯರು ಜಗಳವಾಡತೊಡಗಿದಾಗ, ಟ್ರಸ್ಟ್ ಕೇಂಬ್ರಿಜ್‌ನ ಪ್ರಾಣಿವರ್ತನೆಯ ವಿಜ್ಞಾನಿ ಪ್ಯಾಟ್ರಿಕ್ ಬೇಟ್ಸನ್ ಅವರಿಗೆ ಅಧ್ಯಯನ ಒಪ್ಪಿಸಿತು. ನಾಯಿಗಳು ಅಟ್ಟಿದ ನಂತರ ಕೊಂದ 64 ಜಿಂಕೆಗಳ ರಕ್ತ, ಸ್ನಾಯುಗಳ ಮಾದರಿಯನ್ನು, ಓಡಿಸದೆ ಗುಂಡಿನಿಂದ ನೇರ ಕೊಂದ 50 ಜಿಂಕೆಗಳ ಮಾದರಿಯೊಡನೆ ಹೋಲಿಸಿದರು. ಬೇಟೆ ಸರಾಸರಿ ಮೂರು ಗಂಟೆ, 19 ಕಿಲೋಮೀಟರ್ ಸಾಗುತ್ತಿತ್ತು. ಅಟ್ಟಿಸಿಕೊಂಡ ಜಿಂಕೆಗಳ ಸ್ನಾಯುಗಳಲ್ಲಿ ಶಕ್ತಿಯ ಸಂಗ್ರಹವೇ ಬರಿದಾಗಿತ್ತು, ಒತ್ತಡದ ಹಾರ್ಮೋನು ಕಾರ್ಟಿಸಾಲ್ ವಿಪರೀತ ಏರಿತ್ತು, ರಕ್ತಕಣಗಳು ಒಡೆದಿದ್ದವು. 1997ರ ಏಪ್ರಿಲ್‌ನಲ್ಲಿ ವರದಿ ಕೈಸೇರುತ್ತಿದ್ದಂತೆ ಟ್ರಸ್ಟ್ ಜಿಂಕೆ ಬೇಟೆಯನ್ನು ತನ್ನ ಜಮೀನಿನಲ್ಲಿ ನಿಷೇಧಿಸಿತು. ಕಾಯ್ದೆ ಬರುವುದಕ್ಕೆ ಇನ್ನೂ ಏಳು ವರ್ಷ ಇತ್ತು. ಒಡೆಯನಿಗೆ ಮನಸ್ಸಿದ್ದರೆ ಸಂಸತ್ತಿಗಾಗಿ ಕಾಯಬೇಕಿಲ್ಲ ಎಂಬುದಕ್ಕೆ ಅದೇ ಸಂಸ್ಥೆಯ ಕಡತದಲ್ಲೇ ಪುರಾವೆಯಿತ್ತು. 2017ರ ಹೋರಾಟಗಾರರು ಕೈಹಾಕಿದ್ದು ಸರಿಯಾದ ಬಾಗಿಲಿಗೇ.

ಈ ಒಡೆಯನೇ ಏಕೆ

ನ್ಯಾಷನಲ್ ಟ್ರಸ್ಟ್ 1895ರಲ್ಲಿ ಹುಟ್ಟಿದ ಸಂಸ್ಥೆ. ಹಳೆಯ ಮನೆಗಳು, ಬೆಟ್ಟ, ಕಾಡು, ಕಡಲತೀರಗಳನ್ನು ದೇಶದ ಹೆಸರಿನಲ್ಲಿ ಕಾಪಾಡುತ್ತದೆ. ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಸುಮಾರು ಎರಡೂವರೆ ಲಕ್ಷ ಹೆಕ್ಟೇರ್ ಜಮೀನು ಅದರ ಕೈಯಲ್ಲಿದೆ. ಖಾಸಗಿ ಜಮೀನ್ದಾರರೊಂದಿಗೆ ಹೋಲಿಸಿದರೆ ಮುಖ್ಯ ವ್ಯತ್ಯಾಸವೊಂದಿದೆ. ಇಲ್ಲಿ ಐವತ್ತು ಲಕ್ಷಕ್ಕೂ ಮೀರಿದ ಸದಸ್ಯರಿದ್ದಾರೆ, ಅವರಿಗೆ ಮಹಾಸಭೆಯಲ್ಲಿ ಗೊತ್ತುವಳಿ ತರುವ, ಮತ ಹಾಕುವ ಹಕ್ಕಿದೆ. ಬಹುತೇಕರು ಸದಸ್ಯರಾಗುವುದು ಕುಟುಂಬದೊಂದಿಗೆ ತೋಟ, ಕೋಟೆ ನೋಡಲು ಪ್ರವೇಶ ಸಿಗುತ್ತದೆಂದು. ತಮ್ಮ ಚಂದಾ ಹಣದಿಂದ ಉಳಿದಿರುವ ಕಾಡಿಗೆ ಬೇಟೆ ತಂಡಗಳು ಪರವಾನಗಿ ಪಡೆದು ಬರುತ್ತವೆ ಎಂಬುದು ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ.

ಚಳವಳಿಯ ಮೊದಲ ಕೆಲಸವೇ ಆ ಸಂಗತಿಯನ್ನು ಅವರಿಗೆ ಮುಟ್ಟಿಸುವುದಾಗಿತ್ತು. 2017ರ ಬೇಸಿಗೆಯಲ್ಲಿ ಒತ್ತಡ ಏರತೊಡಗಿದಾಗ ಟ್ರಸ್ಟ್ ಪರವಾನಗಿಯ ಷರತ್ತುಗಳನ್ನು ಬಿಗಿ ಮಾಡಿತು. ಪ್ರಾಣಿಮೂಲದ ವಾಸನೆ ಬಳಸುವಂತಿಲ್ಲ, ಟೆರಿಯರ್‌ಮೆನ್ ಬರುವಂತಿಲ್ಲ, ಯಾವ ದಿನ ಎಲ್ಲಿ ಬೇಟೆ ಎಂಬುದನ್ನು ಮುಂಚಿತವಾಗಿ ಪ್ರಕಟಿಸಬೇಕು ಎಂದಿತು. ಜಾಡು ಹಾಕುವ ಆಟವನ್ನಷ್ಟೇ ಆಡುವವರಿಗೆ ಇದರಿಂದ ಯಾವ ಕಷ್ಟವೂ ಆಗಬಾರದು. ಆದರೂ ಬೇಟೆ ವಲಯದಿಂದ ಎದ್ದ ಸಿಟ್ಟು ಜೋರಾಗಿಯೇ ಇತ್ತು. ಅಂಥ ಸಿಟ್ಟನ್ನು ಸರಿಯಾಗಿ ಓದಬೇಕು. ಯಾವ ಷರತ್ತು ಯಾರಿಗೆ ನೋಯಿಸುತ್ತದೆ ಎಂಬುದೂ ಒಂದು ಸಾಕ್ಷ್ಯವೇ.

ಷರತ್ತು ಬಿಗಿ ಮಾಡಿದ ಆಡಳಿತ ಮಂಡಳಿ, ಪೂರ್ತಿ ನಿಷೇಧ ಬೇಡವೆಂದು ಸದಸ್ಯರಿಗೆ ಸಲಹೆ ಕೊಟ್ಟಿತು. ಆಮೇಲೆ ಆದದ್ದು ಮತಗಟ್ಟೆಯ ಸೂಕ್ಷ್ಮ. ಮಹಾಸಭೆಗೆ ಹೋಗಲಾಗದ ಸದಸ್ಯರು ಪ್ರಾಕ್ಸಿ, ಅಂದರೆ ತಮ್ಮ ಬದಲಿಯವರ, ಮೂಲಕ ಮತ ಹಾಕಬಹುದು. ಆ ಹಾಳೆಯಲ್ಲಿ ‘ಪರ’, ‘ವಿರುದ್ಧ’ ಎಂಬುದರ ಜೊತೆಗೆ, ‘ಅಧ್ಯಕ್ಷರ ವಿವೇಚನೆಗೆ ಬಿಟ್ಟಿದ್ದೇನೆ’ ಎಂದು ಗುರುತು ಹಾಕುವ ಅವಕಾಶವೂ ಇತ್ತು. ಹಾಗೆ ಬಿಟ್ಟ ಮತಗಳು ಮಂಡಳಿಯ ಸಲಹೆಯಂತೆ ವಿರುದ್ಧವಾಗಿ ಬಿದ್ದವು, ಫಲಿತಾಂಶವನ್ನು ತಿರುಗಿಸಿದ್ದೂ ಅವೇ. ಸ್ಪಷ್ಟವಾಗಿ ಪರ-ವಿರುದ್ಧ ಎಂದು ಬರೆದವರನ್ನಷ್ಟೇ ಎಣಿಸಿದ್ದರೆ ಗೊತ್ತುವಳಿ ಗೆಲ್ಲುತ್ತಿತ್ತು. ನಿಯಮದ ಪ್ರಕಾರ ಇದರಲ್ಲಿ ಮೋಸವಿರಲಿಲ್ಲ. ಆದರೆ ಚಳವಳಿಯನ್ನು ಮನಸ್ಸಿನಲ್ಲೇ ಬೆಂಬಲಿಸಿ, ಹಾಳೆಯನ್ನು ಪೂರ್ತಿ ಓದದೆ ಗುರುತು ಹಾಕಿ ಕಳಿಸಿದವರೂ, ಮತವನ್ನೇ ಹಾಕದೆ ಉಳಿದವರೂ ಸೇರಿ ಆ 299 ಮತಗಳ ಕೊರತೆ ತಂದರು. ಎಷ್ಟು ಸಹಿ ಸಂಗ್ರಹವಾಯಿತು, ಎಷ್ಟು ಜನ ಮರುಕಪಟ್ಟರು ಎಂಬ ಲೆಕ್ಕ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಹೊಲದ ಅಂಚಿನಲ್ಲಿ ನಿಂತವರು

2017 ಮತ್ತು 2020ರ ನಡುವೆ ಸುದ್ದಿಯಾಗದ ಕೆಲಸ ನಡೆಯುತ್ತಿತ್ತು. ನನಗೆ ಈ ಪ್ರಕರಣದಲ್ಲಿ ಅತ್ಯಂತ ಬೆಲೆಯುಳ್ಳದ್ದೆನಿಸುವುದು ಅದೇ. ಲೀಗ್‌ನವರು, ಬೇಟೆಗೆ ಅಡ್ಡಿಪಡಿಸುವ ಹಂಟ್ ಸ್ಯಾಬೋಟರ್ಸ್ ಅಸೋಸಿಯೇಷನ್‌ನವರು, ಊರೂರಿನ ಸ್ವಯಂಸೇವಕರು ಚಳಿ ಮಳೆಯೆನ್ನದೆ ಹೊಲದ ಅಂಚಿನಲ್ಲಿ, ಕಾಲುದಾರಿಯಲ್ಲಿ ಕ್ಯಾಮೆರಾ ಹಿಡಿದು ನಿಲ್ಲುತ್ತಿದ್ದರು. ಏನನ್ನು ಚಿತ್ರಿಸಬೇಕೆಂಬುದಕ್ಕೆ ಅಭ್ಯಾಸ ಬೇಕು. ನಾಯಿಗಳು ನರಿಯನ್ನು ಹಿಡಿದ ಕ್ಷಣವೊಂದೇ ಸಾಲದು, ಏಕೆಂದರೆ ‘ಆಕಸ್ಮಿಕ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದಕ್ಕೆ ಮೊದಲಿನ ಅರ್ಧ ಗಂಟೆ ಬೇಕು.

ಜಾಡು ಹಾಕುವವನು ಎಲ್ಲಿ? ಕೈಯಲ್ಲಿ ಹಗ್ಗಕ್ಕೆ ಕಟ್ಟಿದ ಬಟ್ಟೆ ಇದೆಯೇ, ಅದು ನೆಲ ಮುಟ್ಟುತ್ತಿದೆಯೇ, ಅಥವಾ ಕ್ಯಾಮೆರಾ ಕಂಡಾಗ ಮಾತ್ರ ಕೆಳಗಿಳಿಯುತ್ತದೆಯೇ? ನಾಯಿಗಳು ಹಿಡಿದ ದಾರಿಯಲ್ಲಿ ಆತ ಮೊದಲು ಹೋಗಿದ್ದನೇ? ಮುಳ್ಳುಪೊದೆಯೊಳಗೆ ಕುದುರೆಯೂ ಮನುಷ್ಯನೂ ನುಗ್ಗಲಾಗದು, ಹಾಗಿದ್ದರೆ ನಾಯಿಗಳನ್ನು ಅದರೊಳಗೆ ಕಳಿಸಿದ್ದೇಕೆ? ನರಿ ಹೊರಬಿದ್ದಾಗ ದೂರದಲ್ಲಿದ್ದ ಸವಾರನೊಬ್ಬ ಕೂಗು ಹಾಕಿ, ಟೋಪಿ ತೆಗೆದು, ನರಿ ಓಡಿದ ದಿಕ್ಕಿಗೆ ಚಾಚುತ್ತಾನೆ. ಅದು ಹಳೆಯ ಬೇಟೆಯ ಸನ್ನೆ. ಆಗ ನಾಯಿ ನಡೆಸುವವನು ಏನು ಮಾಡಿದ? ಕೊಂಬು ಊದಿ ನಾಯಿಗಳನ್ನು ಹಿಂದಕ್ಕೆ ಕರೆದನೋ, ಅಥವಾ ಪಟಪಟನೆ ಒಂದರ ಮೇಲೊಂದು ಚುಟುಕು ಸ್ವರ ಊದಿ ಹುರಿದುಂಬಿಸಿದನೋ? ಆ ಎರಡು ಊದುಗಳು ಬೇರೆಬೇರೆ. ಅಭ್ಯಾಸವಾದ ಕಿವಿಗೆ ತಕ್ಷಣ ತಿಳಿಯುತ್ತದೆ, ರೆಕಾರ್ಡಿಂಗ್‌ನಲ್ಲೂ ಉಳಿಯುತ್ತದೆ. ಬಿಲದ ಬಾಯಿಗೆ ಹೊಸ ಮಣ್ಣು, ಹಸಿ ಕಟ್ಟಿಗೆ ತುರುಕಿದ್ದರೆ ಸಮಯ, ತಾರೀಖು, ಸ್ಥಳದ ಗುರುತಿನೊಂದಿಗೆ ಫೋಟೊ. ಹೀಗೆ ಒಂದೊಂದೇ ಸೇರಿ, ‘ಆಕಸ್ಮಿಕ’ ಎಂಬುದು ಎಷ್ಟು ಸಲ, ಯಾವ ತಂಡಕ್ಕೆ, ಯಾವ ಹೊಲದಲ್ಲಿ ಆಯಿತೆಂಬ ಚಿತ್ರ ಮೂಡುತ್ತಿತ್ತು.

ಈ ದಾಖಲೆಗಳಲ್ಲಿ ಬಹಳಷ್ಟು ನ್ಯಾಯಾಲಯದ ಮೆಟ್ಟಿಲು ಹತ್ತಲೇ ಇಲ್ಲ. ಹಾಗೆಂದು ವ್ಯರ್ಥವಾಗಲೂ ಇಲ್ಲ. ನ್ಯಾಯಾಲಯಕ್ಕೆ ಅನುಮಾನಕ್ಕೆ ಎಡೆಯಿಲ್ಲದ ಪುರಾವೆ ಬೇಕು. ಜಮೀನಿನ ಒಡೆಯನಿಗೆ ಅಷ್ಟು ಬೇಕಿಲ್ಲ, ನಂಬಿಕೆ ಕಳೆದುಹೋದರೆ ಸಾಕು.

ಒಂದು ಸೋರಿಕೆ, ಒಂದು ಮತ, ಒಂದು ತೀರ್ಮಾನ

2020ರ ಆಗಸ್ಟ್‌ನಲ್ಲಿ ಬೇಟೆ ಸಂಘಟನೆಯವರು ತಮ್ಮವರಿಗಾಗಿ ಆನ್‌ಲೈನ್ ತರಬೇತಿ ಸಭೆಗಳನ್ನು ನಡೆಸಿದರು. ಬೇಟೆ ತಂಡಗಳ ಸುಮಾರು ನೂರು ಮುಂದಾಳುಗಳು ಅದರಲ್ಲಿದ್ದರು. ನವೆಂಬರ್‌ನಲ್ಲಿ ಅದರ ಧ್ವನಿಮುದ್ರಣವನ್ನು ಹಂಟ್ ಸ್ಯಾಬೋಟರ್ಸ್ ಅಸೋಸಿಯೇಷನ್ ಹೊರಹಾಕಿತು. ಹೆಚ್ಚು ಜನ ಜಾಡು ಹಾಕುತ್ತಿದ್ದರೆ ‘ಹೊಗೆಪರದೆ’ ಹರಡುವುದು ಸುಲಭ ಎಂಬರ್ಥದ ಮಾತು ಅದರಲ್ಲಿತ್ತು. ವರ್ಷಗಳಿಂದ ಸ್ವಯಂಸೇವಕರು ಹೇಳುತ್ತಿದ್ದುದನ್ನೇ ಬೇಟೆಯವರ ಬಾಯಿಂದ ಕೇಳಿದಂತೆ ಜನರಿಗೆ ಅನಿಸಿತು. ದಿನಗಳೊಳಗೆ ನ್ಯಾಷನಲ್ ಟ್ರಸ್ಟ್ ಮತ್ತು ದೊಡ್ಡ ಜಮೀನುಗಳ ಇತರ ಒಡೆಯರಾದ ಫಾರೆಸ್ಟ್ರಿ ಇಂಗ್ಲೆಂಡ್, ಯುನೈಟೆಡ್ ಯುಟಿಲಿಟೀಸ್, ನ್ಯಾಚುರಲ್ ರಿಸೋರ್ಸಸ್ ವೇಲ್ಸ್ ಎಲ್ಲವೂ ಪರವಾನಗಿಗಳನ್ನು ಅಮಾನತು ಮಾಡಿದವು.

2021ರ ಅಕ್ಟೋಬರ್ ಮಧ್ಯದಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮ್ಯಾಜಿಸ್ಟ್ರೇಟ್ ನ್ಯಾಯಾಲಯ, ಆ ಸಭೆಯಲ್ಲಿ ಮಾತನಾಡಿದ್ದ, ಬೇಟೆಯ ಮೇಲ್ವಿಚಾರಣೆ ಮಾಡುವ ಮಾಸ್ಟರ್ಸ್ ಆಫ್ ಫಾಕ್ಸ್‌ಹೌಂಡ್ಸ್ ಅಸೋಸಿಯೇಷನ್‌ನ ನಿರ್ದೇಶಕರೊಬ್ಬರು ಅಕ್ರಮ ಬೇಟೆಗೆ ಪ್ರಚೋದನೆ ಕೊಟ್ಟರೆಂದು ತೀರ್ಪಿತ್ತು ದಂಡ ವಿಧಿಸಿತು. ಅದೇ ತಿಂಗಳ ಕೊನೆಗೆ ಟ್ರಸ್ಟಿನ ಮಹಾಸಭೆ ಬಂತು. ಫಲಿತಾಂಶವನ್ನು ಮೊದಲೇ ಹೇಳಿದ್ದೇನೆ. 18,047 ಮಂದಿ ಯಾವ ಕಡೆಗೂ ಸೇರದೆ ತಟಸ್ಥರಾಗಿ ಉಳಿದರು. ಈ ಮತ ಮಂಡಳಿಯನ್ನು ಕಟ್ಟಿಹಾಕುವಂಥದ್ದಲ್ಲ, ಸಲಹೆಯಷ್ಟೇ. ಹಾಗಿದ್ದೂ ನವೆಂಬರ್ ಕೊನೆಯಲ್ಲಿ ಮಂಡಳಿ ಪರವಾನಗಿಗಳನ್ನು ಪೂರ್ತಿ ನಿಲ್ಲಿಸಿತು. ಕೊಟ್ಟ ಕಾರಣಗಳನ್ನು ಗಮನಿಸಿ: ಬೇಟೆಯ ಮೇಲ್ವಿಚಾರಣೆ ಮಾಡುವ ಸಂಘಟನೆಯ ಮೇಲೆ ನಂಬಿಕೆ ಹೋಗಿದೆ, ಸದಸ್ಯರು ಹೀಗೆ ಮತ ಹಾಕಿದ್ದಾರೆ, ಇದನ್ನು ನಿಭಾಯಿಸಲು ಬಹಳ ಖರ್ಚಾಗುತ್ತದೆ, ಸಂಸ್ಥೆಯ ಹೆಸರಿಗೆ ಅಪಾಯವಿದೆ. ನರಿಯ ನೋವು ಆ ಪಟ್ಟಿಯಲ್ಲಿ ಇರಲಿಲ್ಲ. ಓದಿದಾಗ ನನಗೆ ಬೇಸರವಾಯಿತು, ನಿಜ. ಆದರೆ ನರಿಗೆ ಬೇಕಾದದ್ದು ಗೇಟು ಮುಚ್ಚುವುದು, ಕಾರಣ ಯಾವುದಾದರೂ ಸರಿ. ಹೊಲದ ಅಂಚಿನಲ್ಲಿ ನಿಂತವರ ದಾಖಲೆಗಳು ಆ ‘ಖರ್ಚು’, ‘ಹೆಸರು’, ‘ನಂಬಿಕೆ’ ಎಂಬ ಪದಗಳೊಳಗೆ ಸೇರಿಹೋಗಿವೆ.

ಇಲ್ಲಿ ಒಂದು ಸಂಗತಿಯನ್ನು ಚಳವಳಿಯ ಬೆಂಬಲಿಗರು ಮರೆಮಾಚಬಾರದು. 2022ರ ಜುಲೈನಲ್ಲಿ ಲಂಡನ್ನಿನ ಸದರ್ಕ್ ಕ್ರೌನ್ ಕೋರ್ಟ್, ಮೇಲ್ಮನವಿ ಕೇಳಿ, ಆ ನಿರ್ದೇಶಕರ ಮೇಲಿನ ತೀರ್ಪನ್ನು ರದ್ದು ಮಾಡಿತು. ಅವರ ಮಾತನ್ನು ಅಕ್ರಮಕ್ಕೆ ಪ್ರಚೋದನೆಯೆಂದೇ ಖಚಿತವಾಗಿ ಹೇಳಲಾಗದು ಎಂಬುದು ಅದರ ನಿಲುವು. ಕಾನೂನಿನ ಕಣ್ಣಿನಲ್ಲಿ ಅವರು ನಿರಪರಾಧಿ, ಅದನ್ನು ಹಾಗೆಯೇ ಹೇಳಬೇಕು. ಬೇಟೆಯ ಪರವಾದವರು ಆಗ, ತಪ್ಪು ತೀರ್ಪಿನ ಮೇಲೆ ನಿಂತ ನಿಷೇಧವನ್ನು ಹಿಂತೆಗೆಯಿರಿ ಎಂದರು. ಟ್ರಸ್ಟ್ ಹಿಂತೆಗೆಯಲಿಲ್ಲ, ಏಕೆಂದರೆ ಅದರ ತೀರ್ಮಾನ ಆ ತೀರ್ಪೊಂದನ್ನೇ ಆತುಕೊಂಡಿರಲಿಲ್ಲ. ಚಳವಳಿ ತನ್ನೆಲ್ಲ ಭಾರವನ್ನೂ ಒಂದೇ ಮೊಕದ್ದಮೆಯ ಮೇಲೆ ಹಾಕಿದ್ದರೆ ಆ ಜುಲೈನಲ್ಲಿ ಎಲ್ಲವೂ ಕುಸಿಯುತ್ತಿತ್ತು.

ಎದುರು ವಾದಗಳು

ಬೇಟೆಯ ಪರವಾದವರದ್ದೆಲ್ಲ ಬರೀ ನೆಪವಲ್ಲ. ಬೇಟೆ ತಂಡಗಳ ನಾಯಿಮನೆಗಳು ಸುತ್ತಲಿನ ರೈತರ ಸತ್ತ ದನ, ಕುರಿಗಳನ್ನು ಬಂದು ಒಯ್ಯುತ್ತವೆ, ಅದು ರೈತರಿಗೆ ನಿಜವಾಗಿ ಉಪಕಾರ. ಚಳಿಗಾಲದಲ್ಲಿ ಚದುರಿದ ಹಳ್ಳಿಗಳ ಜನ ಒಂದೆಡೆ ಸೇರುವ ನೆಪವೂ ಅದೇ. ಆದರೆ ಸತ್ತ ದನ ಸಾಗಿಸಲು ನರಿಯನ್ನು ಅಟ್ಟಬೇಕಿಲ್ಲ, ಕುದುರೆ ಸವಾರಿಗೆ ಡ್ರ್ಯಾಗ್ ಹಂಟಿಂಗ್ ಇದ್ದೇ ಇದೆ. ಅಲ್ಲಿಗೆ ಹೋಗಲು ಯಾರ ಅಡ್ಡಿಯೂ ಇಲ್ಲ.

ಇನ್ನೊಂದು ಆಕ್ಷೇಪ ಮತದಾನದ ಪ್ರಮಾಣದ್ದು. ಐವತ್ತು ಲಕ್ಷಕ್ಕೂ ಹೆಚ್ಚು ಸದಸ್ಯರಲ್ಲಿ ಮತ ಹಾಕಿದವರು ಶೇಕಡ ಎರಡು-ಮೂರರಷ್ಟೇ, ಅವರು ಹೇಗೆ ಎಲ್ಲರ ಪರವಾಗಿ ಮಾತಾಡುತ್ತಾರೆ ಎಂದು ಕೇಳಿದರು. 2017ರಲ್ಲಿ ಗೊತ್ತುವಳಿ ಬಿದ್ದಾಗ ಮತದಾನ ಇದರ ಸುಮಾರು ಅರ್ಧದಷ್ಟೇ ಇತ್ತು. ಆಗ ಆ ಫಲಿತಾಂಶವನ್ನು ಅವರೇ ಸಂಭ್ರಮದಿಂದ ಒಪ್ಪಿದ್ದರು. ಆದರೂ ಆಕ್ಷೇಪದಲ್ಲಿ ಚಳವಳಿಗೆ ಒಂದು ಸುಳಿವಿದೆ. ಇಷ್ಟು ದೊಡ್ಡ ಸಂಸ್ಥೆಯಲ್ಲಿ ಕೆಲವು ಸಾವಿರ ಜನರ ಜಾಗೃತ ಮತ ಎಲ್ಲವನ್ನೂ ತೀರ್ಮಾನಿಸಬಹುದು. ಅದು ಎರಡೂ ಕಡೆಗೂ ಅನ್ವಯಿಸುತ್ತದೆ.

ಆಮೇಲೆ

ನ್ಯಾಚುರಲ್ ರಿಸೋರ್ಸಸ್ ವೇಲ್ಸ್ 2021ರ ಅದೇ ನವೆಂಬರ್‌ನಲ್ಲಿ ತನ್ನ ಜಮೀನನ್ನೂ ಮುಚ್ಚಿತು. ಸ್ಕಾಟ್ಲೆಂಡ್ 2023ರಲ್ಲಿ ಹೊಸ ಕಾಯ್ದೆ ತಂದು ಟ್ರೇಲ್ ಹಂಟಿಂಗ್ ಅನ್ನೇ ನಿಷೇಧಿಸಿತು, ಅಲ್ಲಿ ‘ಆಕಸ್ಮಿಕ’ ಎಂಬ ಬಾಗಿಲು ಮುಚ್ಚಿತು. 2024ರ ಚುನಾವಣೆಯಲ್ಲಿ ಲೇಬರ್ ಪಕ್ಷ ಇಂಗ್ಲೆಂಡಿನಲ್ಲೂ ನಿಷೇಧ ತರುವುದಾಗಿ ತನ್ನ ಪ್ರಣಾಳಿಕೆಯಲ್ಲಿ ಬರೆದು ಗೆದ್ದಿತು. ದೊಡ್ಡ ಜಮೀನುಗಳ ಒಡೆಯರೇ ಕೈಬಿಟ್ಟಿದ್ದನ್ನು ನಿಷೇಧಿಸುತ್ತೇವೆನ್ನಲು ರಾಜಕೀಯ ಪಕ್ಷಕ್ಕೆ ಹೆಚ್ಚು ಧೈರ್ಯ ಬೇಕಾಗುವುದಿಲ್ಲ.

ಪರವಾನಗಿ ನಿಂತರೂ ಟ್ರಸ್ಟಿನ ಜಮೀನಿಗೆ ಗೋಡೆಯೇನೂ ಇಲ್ಲ. ಪಕ್ಕದ ಖಾಸಗಿ ಹೊಲದಲ್ಲಿ ಬಿಟ್ಟ ನಾಯಿಗಳಿಗೆ ಗಡಿಕಲ್ಲು ಗೊತ್ತಾಗುವುದಿಲ್ಲ. ಹಾಗಾಗಿ ಸ್ವಯಂಸೇವಕರ ಕ್ಯಾಮೆರಾಗಳಿಗೆ ಈಗ ಇನ್ನೊಂದು ಕೆಲಸ: ನಾಯಿಹಿಂಡು ಗಡಿ ದಾಟಿದ ಸಮಯ, ಸ್ಥಳವನ್ನು ಗುರುತಿಸಿ ಟ್ರಸ್ಟಿನ ಸ್ಥಳೀಯ ಸಿಬ್ಬಂದಿಗೂ ಪೊಲೀಸರಿಗೂ ಆ ದಿನವೇ ತಿಳಿಸುವುದು, ಆರು ತಿಂಗಳ ಗಡುವು ಕಳೆಯದಂತೆ ಬೆನ್ನು ಹತ್ತುವುದು. 2021ರ ನಂತರವೂ ಪರವಾನಗಿ ಕೊಡುತ್ತಲೇ ಹೋದ ದೊಡ್ಡ ಒಡೆಯರಿದ್ದರು. ಸೈನಿಕ ತರಬೇತಿಯ ವಿಶಾಲ ಬಯಲುಗಳನ್ನು ಹೊಂದಿರುವ ರಕ್ಷಣಾ ಸಚಿವಾಲಯ ಅವರಲ್ಲೊಂದು. ಅಲ್ಲಿ ಗೊತ್ತುವಳಿ ತರಲು ಸದಸ್ಯರಿಲ್ಲ, ಮಹಾಸಭೆಯಿಲ್ಲ. ಆ ಜಮೀನು ತೆರಿಗೆ ಕಟ್ಟುವವರದ್ದು, ಅವರ ಪರವಾಗಿ ಕೇಳಬೇಕಾದವರು ಸಂಸದರು. ಅವರಿಗೆ ಪತ್ರ ಬರೆಯುವವರು ಜಮೀನಿನ ಹೆಸರು, ಪರವಾನಗಿ ಪಡೆದ ತಂಡ, ಕಂಡ ಘಟನೆಯ ತಾರೀಖು ಇಷ್ಟನ್ನೂ ನಮೂದಿಸಿ ಕೇಳಿದರೆ ಉತ್ತರ ಕೊಡದೆ ನುಣುಚಿಕೊಳ್ಳುವುದು ಕಷ್ಟವಾಗುತ್ತದೆ.